ಸಾವಿರ ರೂಪಾಯಿಯ ಬೂದು ಪುಸ್ತಿಕೆ: ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಸೇವೆಯ ವಿಮರ್ಶೆ

ಅಂತಾರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಎಲ್ಲರೂ ಐಡಿಪಿ ಎಂದು ಕರೆಯುವ ಪುಸ್ತಿಕೆ, ಕೈಯಲ್ಲಿದ್ದರೆ ಜಗತ್ತಿನ ಯಾವ ಊರಿನಲ್ಲಿಯೂ ಕಾರು ಓಡಿಸಬಹುದು ಎಂದು ನಮ್ಮ ಕರಾವಳಿಯಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಕಳೆದ ಮೇ ತಿಂಗಳಲ್ಲಿ ನಾನು ಮತ್ತು ನನ್ನ ಹೆಂಡತಿ, ಅಕ್ಕ ಮತ್ತು ಭಾವ ಒಟ್ಟಾಗಿ ಇಟಲಿ ಹಾಗೂ ಸ್ವಿಟ್ಜರ್‌ಲ್ಯಾಂಡಿಗೆ ಎಂಟು ದಿನಗಳ ಕಾರು ಪ್ರವಾಸ ಹೊರಟಾಗ ಈ ಪುಸ್ತಿಕೆಯನ್ನು ಉಡುಪಿಯಲ್ಲಿ ನಾನೂ ಮಂಗಳೂರಿನಲ್ಲಿ ಭಾವನೂ ಮಾಡಿಸಿಕೊಂಡೆವು. ಒಂದೇ ರೀತಿಯ ಎರಡು ಪುಸ್ತಿಕೆಗಳ ಪೈಕಿ ಒಂದು ಪ್ರವಾಸದ ಉದ್ದಕ್ಕೂ ಕೆಲಸಕ್ಕೆ ಬಂತು, ಇನ್ನೊಂದು ಮೊದಲ ದಿನವೇ ಪೆಟ್ಟಿಗೆ ಸೇರಿತು. ಏಕೆ ಹಾಗಾಯಿತು ಎಂಬುದನ್ನು ವಿವರವಾಗಿ ಬರೆದರೆ ಮುಂದೆ ಹೋಗುವವರಿಗೆ ಪ್ರಯೋಜನವಾದೀತು ಎಂಬ ಕಾರಣಕ್ಕೆ ಈ ವಿಮರ್ಶೆ. ಸೇವೆಗೆ ನಾನು ಕೊಡುವ ಅಂಕ ಐದರಲ್ಲಿ ನಾಲ್ಕು.

ಮೊದಲು ಪುಸ್ತಿಕೆ ಎಂದರೇನು ಎಂಬುದನ್ನು ಹೇಳಬೇಕು. ಅದು ಸ್ವತಂತ್ರವಾದ ಲೈಸೆನ್ಸ್ ಅಲ್ಲ. ನಮ್ಮ ಊರಿನ ಲೈಸೆನ್ಸಿನಲ್ಲಿ ಏನು ಬರೆದಿದೆಯೋ ಅದನ್ನು ಪರದೇಶದ ಪೊಲೀಸರಿಗೆ ಅರ್ಥವಾಗುವ ಭಾಷೆಗಳಲ್ಲಿ ಮತ್ತು ಅವರಿಗೆ ಪರಿಚಿತವಾದ ವಿನ್ಯಾಸದಲ್ಲಿ ತಿಳಿಸುವ ಅಧಿಕೃತ ಅನುವಾದ ಮಾತ್ರ. ಆದ್ದರಿಂದ ಮೂಲ ಲೈಸೆನ್ಸ್ ಜೊತೆಯಲ್ಲಿಲ್ಲದೆ ಬರೀ ಪುಸ್ತಿಕೆಗೆ ಬೆಲೆಯಿಲ್ಲ. ಮೊಬೈಲಿನ ಡಿಜಿಲಾಕರ್‌ನಲ್ಲಿರುವ ಲೈಸೆನ್ಸನ್ನು ಪಡುಬಿದ್ರಿಯಲ್ಲಿ ತೋರಿಸಿದರೆ ನಮ್ಮ ಪೊಲೀಸರು ಒಪ್ಪುತ್ತಾರೆ, ಮಿಲಾನಿನಲ್ಲಿ ಅದು ನಡೆಯುವುದಿಲ್ಲ, ಕಾರ್ಡನ್ನೇ ಒಯ್ಯಬೇಕು. ಭಾರತ ಈ ಪುಸ್ತಿಕೆಯನ್ನು ಕೊಡುವುದು 1949ರ ಸೆಪ್ಟೆಂಬರ್ 19ರಂದು ಜಿನೀವಾದಲ್ಲಿ ಆದ ರಸ್ತೆ ಸಂಚಾರ ಒಪ್ಪಂದದ ಪ್ರಕಾರ. ಬೂದು ಬಣ್ಣದ ಹೊದಿಕೆ, ಒಳಗೆ ಬಿಳಿ ಹಾಳೆಗಳು, ಕೊನೆಯ ಪುಟ ಫ್ರೆಂಚ್ ಭಾಷೆಯಲ್ಲಿ, ಅವಧಿ ಒಂದು ವರ್ಷ, ಇವೆಲ್ಲ ಆ ಒಪ್ಪಂದದಲ್ಲೇ ನಿಗದಿಯಾದ ಸಂಗತಿಗಳು. ಹಿಂದೆ ನಮ್ಮ ದೇಶದಲ್ಲಿ ಬೇರೆ ಬೇರೆ ರಾಜ್ಯಗಳು ಬೇರೆ ಬೇರೆ ರೂಪದಲ್ಲಿ ಇದನ್ನು ಕೊಡುತ್ತಿದ್ದವು. 2022ರ ಆಗಸ್ಟ್‌ನಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯ ಅಧಿಸೂಚನೆ ಹೊರಡಿಸಿ, ಆಕಾರ, ಬಣ್ಣ, ನಮೂನೆ ಎಲ್ಲವನ್ನೂ ದೇಶಕ್ಕೆಲ್ಲ ಒಂದೇ ಮಾಡಿತು ಮತ್ತು ಲೈಸೆನ್ಸಿನೊಂದಿಗೆ ಕೊಂಡಿ ಬೆಸೆಯುವ ಕ್ಯೂಆರ್ ಕೋಡ್ ಸೇರಿಸಿತು. ಕೈಗೆ ಬಂದ ಪುಸ್ತಿಕೆ ಅಚ್ಚುಕಟ್ಟಾಗಿತ್ತು, ಮುದ್ರಣ ಸ್ಪಷ್ಟವಾಗಿತ್ತು.

ಇನ್ನು ಅದನ್ನು ಪಡೆದ ಬಗೆ. ಅರ್ಜಿಯನ್ನು ಸಾರಿಗೆ ಇಲಾಖೆಯ ಸಾರಥಿ ಜಾಲತಾಣದಲ್ಲಿ ಹಾಕಬೇಕು. ಲೈಸೆನ್ಸ್ ಸಂಖ್ಯೆ ಮತ್ತು ಜನ್ಮದಿನಾಂಕ ಕೊಟ್ಟರೆ ನಮ್ಮ ದಾಖಲೆ ತೆರೆಯುತ್ತದೆ. ಯಾವ ದೇಶಗಳಿಗೆ ಹೋಗುತ್ತೀರಿ, ಎಷ್ಟು ದಿನ ಇರುತ್ತೀರಿ ಎಂಬುದನ್ನು ಫಾರ್ಮ್ 4ಎ ಕೇಳುತ್ತದೆ. ಪಾಸ್‌ಪೋರ್ಟ್, ವಿಮಾನದ ಟಿಕೆಟ್ ಹಾಗೂ ಫೋಟೊ ಬೇಕು. ವೀಸಾವೂ ಫಾರ್ಮ್ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರವೂ 2021ರ ಜನವರಿಯಿಂದ ನಿಯಮದ ಪ್ರಕಾರ ಕಡ್ಡಾಯವಲ್ಲ, ಆದರೂ ನಾವು ಅವೆರಡನ್ನೂ ಕೊಟ್ಟೆವು. ಶುಲ್ಕ 1,000 ರೂಪಾಯಿ. ವೈದ್ಯಕೀಯ ಪತ್ರವನ್ನು ನಮ್ಮ ಮನೆಯ ಡಾಕ್ಟರೇ ಕಣ್ಣು ಪರೀಕ್ಷೆ ಮಾಡಿ ಸಹಿ ಹಾಕಿ ಕೊಟ್ಟರು. ಮೂಲ ದಾಖಲೆಗಳನ್ನು ಹಿಡಿದು ಸಾರಿಗೆ ಕಚೇರಿಗೆ ಹೋದ ದಿನ ಕೌಂಟರಿನಲ್ಲಿದ್ದವರು ಪಾಸ್‌ಪೋರ್ಟನ್ನೂ ಟಿಕೆಟನ್ನೂ ಪುಟ ತಿರುವಿ ನೋಡಿ, ದ್ವಿಚಕ್ರ ವಾಹನದ ವರ್ಗವೂ ಬೇಕೇ ಎಂದು ತಾವಾಗಿಯೇ ಕೇಳಿದರು. ಆ ಒಂದು ಪ್ರಶ್ನೆಯ ಮಹತ್ವ ನನಗೆ ಅಂದು ತಿಳಿದಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ. ನಾಲ್ಕು ಕೆಲಸದ ದಿನಗಳಲ್ಲಿ ಪುಸ್ತಿಕೆ ಸಿಕ್ಕಿತು.

ಕಷ್ಟ ಇರುವುದು ಅರ್ಜಿಯಲ್ಲಿ ಅಲ್ಲ, ದಿನಗಳ ಲೆಕ್ಕದಲ್ಲಿ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ನಮ್ಮ ಕಡೆಯವರು ಬೆರಳಚ್ಚು ಕೊಡಲು ಬೆಂಗಳೂರಿಗೇ ಹೋಗಬೇಕು. ರಾತ್ರಿ ಬಸ್ಸಿನಲ್ಲಿ ಶಿರಾಡಿ ಹತ್ತಿ, ಹಗಲು ಕೆಲಸ ಮುಗಿಸಿ, ಮತ್ತೆ ರಾತ್ರಿ ಬಸ್ಸಿನಲ್ಲಿ ಇಳಿದದ್ದಾಯಿತು. ಆಮೇಲೆ ವೀಸಾ ಅಂಟಿದ ಪಾಸ್‌ಪೋರ್ಟ್ ಮನೆಗೆ ಬರುವಾಗ ಪ್ರಯಾಣಕ್ಕೆ ಉಳಿದದ್ದು ಹನ್ನೊಂದು ದಿನ. ಐಡಿಪಿ ಅರ್ಜಿಗೆ ವೀಸಾವನ್ನೂ ಲಗತ್ತಿಸಲು ಕಾದದ್ದರಿಂದ ಅದಕ್ಕಿಂತ ಮುಂಚೆ ಅರ್ಜಿ ಹಾಕಿರಲಿಲ್ಲ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಲು ಅವಕಾಶವಿದೆ. ಕಾರು ಓಡಿಸುವ ಉದ್ದೇಶವಿರುವವರು ಆ ಅವಕಾಶವನ್ನು ಬಳಸಿಕೊಂಡು, ವೀಸಾಕ್ಕೂ ವಿಮಾನಕ್ಕೂ ನಡುವೆ ಕನಿಷ್ಠ ಮೂರು ವಾರ ಉಳಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಈ ಹನ್ನೊಂದು ದಿನಗಳ ಆತುರದಲ್ಲಿಯೇ ಭಾವ ಒಬ್ಬ ಏಜೆಂಟರ ಹತ್ತಿರ ಹೋಗಿದ್ದರು. ಆ ಮನುಷ್ಯ ಐದು ಸಾವಿರ ರೂಪಾಯಿ ಕೇಳಿ, "ನೀವು ಎಂತಕ್ಕೆ ಆಫೀಸಿಗೆಲ್ಲ ತಿರುಗುದು ಸರ್, ಫೋಟೊ ಮತ್ತು ಲೈಸೆನ್ಸಿನ ಝೆರಾಕ್ಸ್ ಕೊಡಿ ಸಾಕು, ಹತ್ತು ವರ್ಷದ್ದೇ ಬರ್ತದೆ" ಎಂದರಂತೆ. ಈ ಮಾತನ್ನು ಭಾವ ಫೋನಿನಲ್ಲಿ ಹೇಳಿದಾಗ ನನಗೆ ತಕ್ಷಣ ಸಂಶಯ ಬಂದದ್ದು ಹತ್ತು ವರ್ಷ ಎಂಬ ಮಾತಿನಿಂದ. ಜಿನೀವಾ ಒಪ್ಪಂದದ ಪುಸ್ತಿಕೆಗೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿ ಇರಲು ಸಾಧ್ಯವೇ ಇಲ್ಲ. ಇದೇ ವಿಷಯದ ಇನ್ನೊಂದು ಒಪ್ಪಂದವಾದ 1968ರ ವಿಯೆನ್ನಾ ಒಪ್ಪಂದದ ಪುಸ್ತಿಕೆಗೆ ಹೆಚ್ಚೆಂದರೆ ಮೂರು ವರ್ಷ. ಹತ್ತು ವರ್ಷದ ಅಂತಾರಾಷ್ಟ್ರೀಯ ಲೈಸೆನ್ಸ್ ಎಂದು ಯಾರಾದರೂ ಮಾರಿದರೆ ಅದು ಚಂದವಾಗಿ ಮುದ್ರಿಸಿದ ಒಂದು ಕಾರ್ಡು, ಅಷ್ಟೇ. ಅಂತರ್ಜಾಲದಲ್ಲಿಯೂ ಇಂತಹ ಕಾರ್ಡುಗಳನ್ನು ಡಾಲರ್ ಲೆಕ್ಕದಲ್ಲಿ ಮಾರುವ ಅಂಗಡಿಗಳಿವೆ. ಪೊಲೀಸರು ಅದನ್ನು ಒಪ್ಪುವುದಿಲ್ಲ ಎಂಬುದು ಒಂದು ಕಡೆಯಾದರೆ, ಅಪಘಾತವಾದ ದಿನ ವಿಮಾ ಕಂಪನಿ ಪರವಾನಗಿ ಸರಿಯಿರಲಿಲ್ಲ ಎಂದು ಕೈತೊಳೆದುಕೊಂಡರೆ ಪರದೇಶದ ಆಸ್ಪತ್ರೆಯ ಮತ್ತು ಗ್ಯಾರೇಜಿನ ಬಿಲ್ಲು ನಮ್ಮ ಮೇಲೆಯೇ ಬೀಳುತ್ತದೆ ಎಂಬುದು ಅದಕ್ಕಿಂತ ದೊಡ್ಡ ಭಯ. ಭಾವ ಏಜೆಂಟರಿಗೆ ಕೊಟ್ಟಿದ್ದ ಮುಂಗಡವನ್ನು ಬಿಟ್ಟು, ತಾವೇ ಅರ್ಜಿ ಹಾಕಿದರು.

ಭಾವನ ಪುಸ್ತಿಕೆ ಬಂದಾಗ ಅದರ ಅವಧಿ ಆಗಸ್ಟ್‌ಗೆ ಮುಗಿಯುವಂತೆ ಬರೆದಿತ್ತು. ಒಂದು ವರ್ಷದ ಶುಲ್ಕ ಕೊಟ್ಟು ಮೂರು ತಿಂಗಳಿನದು ಸಿಕ್ಕಿತಲ್ಲ ಎಂದು ಅವರಿಗೆ ಬೇಸರ. ಅದು ಯಾರ ತಪ್ಪೂ ಅಲ್ಲ. ಅವರ ಮೂಲ ಲೈಸೆನ್ಸೇ ಆಗಸ್ಟ್‌ನಲ್ಲಿ ಮುಗಿಯುತ್ತಿತ್ತು, ಪುಸ್ತಿಕೆಗೆ ಲೈಸೆನ್ಸಿಗಿಂತ ಹೆಚ್ಚು ಆಯುಷ್ಯ ಇರಲಾರದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸನ್ನು ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ನವೀಕರಿಸಬಹುದು. ಐವತ್ತೈದು ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ನವೀಕರಣವಾಗುವುದರಿಂದ, ನಮ್ಮ ವಯಸ್ಸಿನ ಪ್ರವಾಸಿಗರು ಐಡಿಪಿಗೆ ಕೈಹಾಕುವ ಮೊದಲು ಕಾರ್ಡಿನಲ್ಲಿರುವ ದಿನಾಂಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ಆದರೆ ದಿನಾಂಕಕ್ಕಿಂತ ದೊಡ್ಡ ತೊಡಕು ಭಾವನ ಹೆಸರಿನಲ್ಲಿತ್ತು, ಅದನ್ನು ನಾವಿಬ್ಬರೂ ಗಮನಿಸಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ ಮಾಡಿಸಿದ ಲೈಸೆನ್ಸಿನಲ್ಲಿ ಅವರ ಹೆಸರಿನ ಹಿಂದೆ ಊರಿನದೊಂದು, ತಂದೆಯದೊಂದು, ಹೀಗೆ ಎರಡು ಇಂಗ್ಲಿಷ್ ಅಕ್ಷರಗಳಿವೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಎರಡು ಅಕ್ಷರಗಳನ್ನು ಪೂರ್ತಿ ಬಿಡಿಸಿ ಬರೆಸಿದ್ದಾರೆ. ಊರಿನ ಹೆಸರು ಅಲ್ಲಿ ಮನೆತನದ ಹೆಸರಾಗಿ ಕುಳಿತಿದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಹೆಸರಿನ ಈ ಎರಡು ರೂಪಗಳು ಮನೆಮನೆಯಲ್ಲೂ ಇವೆ. ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ, ಪಂಚಾಯತಿನಲ್ಲಿ ಎಲ್ಲಿಯೂ ಇದರಿಂದ ತೊಂದರೆಯಾಗದ ಕಾರಣ ಇದು ತಪ್ಪೆಂದು ನಮಗೆ ಅನ್ನಿಸುವುದೇ ಇಲ್ಲ. ಐಡಿಪಿಗೆ ಹೆಸರು ಬರುವುದು ಲೈಸೆನ್ಸಿನಿಂದ, ಪಾಸ್‌ಪೋರ್ಟಿನಿಂದ ಅಲ್ಲ. ಹಾಗಾಗಿ ಭಾವನ ಪುಸ್ತಿಕೆಯಲ್ಲಿ ಗಿಡ್ಡ ಹೆಸರು, ಪಾಸ್‌ಪೋರ್ಟಿನಲ್ಲಿ ಉದ್ದ ಹೆಸರು.

ಮಿಲಾನಿನ ವಿಮಾನ ನಿಲ್ದಾಣದಲ್ಲಿ ಕಾರು ಬಾಡಿಗೆಗೆ ಕೊಡುವ ಕೌಂಟರಿನಲ್ಲಿ ಒಬ್ಬ ಯುವತಿ ನಮ್ಮ ಇಬ್ಬರ ಕಾಗದಗಳನ್ನೂ ಸಾಲಾಗಿ ಇರಿಸಿಕೊಂಡರು: ಪಾಸ್‌ಪೋರ್ಟ್, ಲೈಸೆನ್ಸ್ ಕಾರ್ಡು, ಐಡಿಪಿ, ಕ್ರೆಡಿಟ್ ಕಾರ್ಡು. ನನ್ನದು ನಾಲ್ಕೂ ಒಂದೇ ಹೆಸರಿನಲ್ಲಿದ್ದವು, ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಭಾವನನ್ನು ಎರಡನೆಯ ಚಾಲಕರಾಗಿ ಸೇರಿಸಲು ಅವರು ಒಪ್ಪಲಿಲ್ಲ. "ಹೆಸರು ಅದೇ ಅಲ್ವಾ ಮಾರಾಯ, ಒಂದು ಕಡೆ ಉದ್ದ ಉಂಟು, ಒಂದು ಕಡೆ ಗಿಡ್ಡ ಉಂಟು, ಅಷ್ಟೇ" ಎಂದು ಭಾವ ನನ್ನಲ್ಲಿ ಹೇಳಿದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ವಿವರಿಸಿದೆ. ಆಕೆ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ಕಾಗದದಲ್ಲಿರುವ ಇಬ್ಬರು ಒಬ್ಬರೇ ಎಂದು ಹೇಳುವ ಅಧಿಕಾರ ತನಗಿಲ್ಲ, ಅಪಘಾತವಾದರೆ ವಿಮೆ ಈ ಪ್ರಶ್ನೆಯನ್ನೇ ಎತ್ತುತ್ತದೆ ಎಂದರು. ಅವರ ಮಾತು ಸರಿಯಾಗಿತ್ತು ಎಂದೇ ಈಗಲೂ ನನ್ನ ಭಾವನೆ. ಪರಿಣಾಮವಾಗಿ ಎಂಟು ದಿನವೂ ಸ್ಟೇರಿಂಗ್ ನನ್ನ ಕೈಯಲ್ಲೇ ಉಳಿಯಿತು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನಿದ್ದೆಗಣ್ಣಿನಲ್ಲಿಯೂ ದಾಟಬಲ್ಲಷ್ಟು ಅನುಭವವಿರುವ ಭಾವ ಆಲ್ಪ್ಸ್ ಪರ್ವತದ ರಸ್ತೆಯಲ್ಲಿ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕುಳಿತದ್ದನ್ನು ನೋಡಿ ನನಗೆ ನಿಜವಾಗಿ ಬೇಜಾರಾಯಿತು.

ಕೌಂಟರಿನ ಬಗ್ಗೆ ಇನ್ನೂ ಒಂದೆರಡು ಮಾತು ಹೇಳಬೇಕು, ಏಕೆಂದರೆ ಕಾನೂನು ಒಪ್ಪುವುದು ಬೇರೆ, ಬಾಡಿಗೆ ಕಂಪನಿ ಒಪ್ಪುವುದು ಬೇರೆ. ಚಾಲಕರ ಹೆಸರಿನಲ್ಲಿಯೇ ಇರುವ ಕ್ರೆಡಿಟ್ ಕಾರ್ಡನ್ನು ಸಾಮಾನ್ಯವಾಗಿ ಕೇಳುತ್ತಾರೆ ಮತ್ತು ಡೆಪಾಸಿಟ್ ಮೊತ್ತವನ್ನು ಅದರಲ್ಲಿ ತಡೆಹಿಡಿಯುತ್ತಾರೆ. ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು ಎನ್ನುತ್ತಾರೆ. ಇಪ್ಪತ್ತೈದರ ಒಳಗಿನವರಿಗೆ ಹೆಚ್ಚುವರಿ ಹಣ ಹಾಕುತ್ತಾರೆ. ಯುರೋಪಿನಲ್ಲಿ ಕೇಳದಿದ್ದರೆ ಗೇರಿನ ಕಾರೇ ಕೊಡುತ್ತಾರೆ. ಎಡಗಡೆಯ ಸ್ಟೇರಿಂಗ್, ಬಲಗೈಯ ಗೇರು, ಬಲಬದಿಯ ಸಂಚಾರ ಮೂರೂ ಒಟ್ಟಿಗೆ ಬಂದಾಗ ಮೊದಲ ಅರ್ಧ ದಿನ ಎಲ್ಲರಿಗೂ ಕಷ್ಟವೇ. ಹಣ ಸ್ವಲ್ಪ ಹೆಚ್ಚಾದರೂ ಆಟೊಮ್ಯಾಟಿಕ್ ಕಾರನ್ನು ಮುಂಗಡವಾಗಿ ಹೇಳಿಟ್ಟದ್ದು ನಾವು ಮಾಡಿದ ಬುದ್ಧಿವಂತಿಕೆಯ ಕೆಲಸ.

ಪುಸ್ತಿಕೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕೊಮೊ ಸರೋವರದ ದಾರಿಯಲ್ಲಿ. ಪೊಲೀಸರು ಸಾಲಾಗಿ ಕಾರುಗಳನ್ನು ನಿಲ್ಲಿಸಿ ಕಾಗದ ನೋಡುತ್ತಿದ್ದರು. ನಮ್ಮ ಕರ್ನಾಟಕದ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ ಅಧಿಕಾರಿಗೆ ಅದರಲ್ಲಿ ಎಲ್‌ಎಂವಿ ಎಂದು ಬರೆದದ್ದು ಏನೆಂದು ತಿಳಿಯಲಿಲ್ಲ. ಐಡಿಪಿಯ ಫ್ರೆಂಚ್ ಪುಟ ತೆರೆದು ಕೊಟ್ಟಾಗ ಅದರಲ್ಲಿ ಬಿ ವರ್ಗದ ಎದುರು ಇದ್ದ ಮುದ್ರೆಯನ್ನು ನೋಡಿ, ಫೋಟೊ ಹೋಲಿಸಿ, ಹೋಗಿ ಎಂದು ಕೈಸನ್ನೆ ಮಾಡಿದರು. ಎಲ್‌ಎಂವಿ ಎಂಬುದು ಲಘು ಮೋಟಾರು ವಾಹನಕ್ಕೆ ನಮ್ಮ ದೇಶದ ಸಂಕೇತ. ಚಾಲಕನನ್ನು ಬಿಟ್ಟು ಎಂಟು ಸೀಟಿನವರೆಗಿನ ಕಾರಿಗೆ ಒಪ್ಪಂದದ ಭಾಷೆಯಲ್ಲಿ ಬಿ ಎನ್ನುತ್ತಾರೆ. ಇಟಲಿಯಲ್ಲಿ ನಮ್ಮಂತಹವರಿಗೆ ಐಡಿಪಿ ಅಥವಾ ಅಧಿಕೃತ ಅನುವಾದ ಕಡ್ಡಾಯ. ಅಲ್ಲಿಂದ ಗಡಿ ದಾಟಿದರೆ ಸ್ವಿಟ್ಜರ್‌ಲ್ಯಾಂಡಿನಲ್ಲಿ ರೋಮನ್ ಲಿಪಿಯಲ್ಲಿರುವ ಲೈಸೆನ್ಸನ್ನು ಪ್ರವಾಸಿಗರ ಮಟ್ಟಿಗೆ ಹಾಗೆಯೇ ಒಪ್ಪುತ್ತಾರೆ. ಅಲ್ಲಿ ಕೇಳುವುದು ಹೆದ್ದಾರಿಗೆ 40 ಫ್ರಾಂಕಿನ ವಿನ್ಯೆಟ್, ಅಂದರೆ ಹೆದ್ದಾರಿ ಶುಲ್ಕ ಕಟ್ಟಿದ ಚೀಟಿ, ಇದೆಯೇ ಎಂದು.

ಎರಡು ನೆರೆಯ ದೇಶಗಳಲ್ಲೇ ಇಷ್ಟು ವ್ಯತ್ಯಾಸವಿದ್ದರೆ ಜಗತ್ತಿನ ಮಾತೇ ಬೇರೆ. ಇಲ್ಲಿ ಕೆಲಸಕ್ಕೆ ಬರುವ ಒಂದು ಸೂತ್ರವೆಂದರೆ, ಹೋಗುವ ದೇಶ ಯಾವ ಒಪ್ಪಂದವನ್ನು ಒಪ್ಪಿದೆ ಎಂದು ನೋಡುವುದು. ಜಪಾನ್ 1949ರ ಪುಸ್ತಿಕೆಯನ್ನು ಮಾತ್ರ ಒಪ್ಪುತ್ತದೆ, ಆದ್ದರಿಂದ ಭಾರತದ ಪುಸ್ತಿಕೆ ಅಲ್ಲಿ ನಡೆಯುತ್ತದೆ. ವಿಯೆಟ್ನಾಂ ಒಪ್ಪಿರುವುದು 1968ರದನ್ನು. ಅದರಲ್ಲಿ ಭಾರತ ಸೇರಿಲ್ಲವಾದ್ದರಿಂದ ನಮ್ಮ ಪುಸ್ತಿಕೆಗೆ ಅಲ್ಲಿ ಮಾನ್ಯತೆಯಿಲ್ಲ. ಚೀನಾ ಎರಡನ್ನೂ ಒಪ್ಪುವುದಿಲ್ಲ, ಅಲ್ಲಿನ ತಾತ್ಕಾಲಿಕ ಲೈಸೆನ್ಸೇ ಬೇಕು. ಬ್ರಿಟನ್ನಿನಲ್ಲಿ ಭಾರತದ ಲೈಸೆನ್ಸಿನಲ್ಲೇ ಹನ್ನೆರಡು ತಿಂಗಳು ಕಾರು ಓಡಿಸಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾಕ್ಕೆ ಪ್ರವಾಸ ಹೋದವರಿಗೆ ಊರಿನ ಲೈಸೆನ್ಸ್ ಸಾಕು, ಅಲ್ಲಿಯೇ ನೆಲೆಸಿದವರು ಹತ್ತು ದಿನಗಳೊಳಗೆ ಅಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು. ನೇಪಾಳ, ಭೂತಾನಗಳಿಗೆ ನಮ್ಮ ಕೆಎ 20ರ ಕಾರನ್ನೇ ಒಯ್ಯುವವರಿಗೆ ಲೈಸೆನ್ಸಿನ ಮಟ್ಟಿಗೆ ಭಾರತದ್ದೇ ಸಾಕು, ವಾಹನಕ್ಕೆ ಮಾತ್ರ ಗಡಿಯಲ್ಲಿ ಪರ್ಮಿಟ್ ಮಾಡಿಸಬೇಕು. ಶ್ರೀಲಂಕಾದಲ್ಲಿ ಪುಸ್ತಿಕೆ ಇದ್ದರೂ ಅಲ್ಲಿನ ಸ್ಥಳೀಯ ಮಾನ್ಯತೆಯನ್ನು ಪಡೆಯಬೇಕಾಗುತ್ತದೆ.

ಸಾರಿಗೆ ಕಚೇರಿಯ ಕೌಂಟರಿನಲ್ಲಿ ನನ್ನನ್ನು ಕೇಳಿದ ದ್ವಿಚಕ್ರದ ಪ್ರಶ್ನೆ ಥಾಯ್ಲೆಂಡಿಗೆ ಹೋಗುವವರಿಗೆ ಬಹಳ ಮುಖ್ಯ. ಅಲ್ಲಿನ ದ್ವೀಪಗಳಲ್ಲಿ ನಮ್ಮ ಹುಡುಗರು ಮೊದಲು ಹುಡುಕುವುದು ಬಾಡಿಗೆ ಸ್ಕೂಟರನ್ನು. ಪುಸ್ತಿಕೆಯಲ್ಲಿ ಬಿ ವರ್ಗದ ಮುದ್ರೆ ಮಾತ್ರ ಇದ್ದು ಎ ವರ್ಗದ್ದು ಇಲ್ಲದಿದ್ದರೆ, ಬಾಡಿಗೆಯವರು ಸ್ಕೂಟರ್ ಕೊಟ್ಟಾರು, ಆದರೆ ಬಿದ್ದು ಕಾಲು ಮುರಿದಾಗ ಪ್ರವಾಸ ವಿಮೆ ಸಿಗದೆ ಹೋಗಬಹುದು. ಲೈಸೆನ್ಸಿನಲ್ಲಿ ದ್ವಿಚಕ್ರ ಇರುವವರು ಎ ಮುದ್ರೆಯನ್ನು ಕೇಳಿ ಹಾಕಿಸಿಕೊಳ್ಳಬೇಕು. ಪುಸ್ತಿಕೆ ಕೈಗೆ ಬಂದ ಕೂಡಲೇ, ಅಲ್ಲಿಯೇ ನಿಂತು, ಹೆಸರು, ಫೋಟೊ, ವರ್ಗದ ಮುದ್ರೆ, ದಿನಾಂಕ, ನಮ್ಮ ಸಹಿ ಇವಿಷ್ಟನ್ನು ನೋಡಿಕೊಂಡೇ ಹೊರಬರುವುದು ಕ್ಷೇಮ.

ನಮ್ಮ ಊರಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ ಗಲ್ಫ್. ಬಜಪೆಯಿಂದ ದುಬೈಗೆ ವಿಮಾನ ಹತ್ತುವವರಲ್ಲಿ ಯಾರ ಮನೆಯವರು ಇಲ್ಲ ಹೇಳಿ. ವಿಸಿಟ್ ವೀಸಾದಲ್ಲಿ ಹೋದವರು ಭಾರತದ ಲೈಸೆನ್ಸ್ ಮತ್ತು ಐಡಿಪಿ ಎರಡನ್ನೂ ತೋರಿಸಿ ಬಾಡಿಗೆ ಕಾರು ಓಡಿಸಬಹುದು. ಅದೇ ವ್ಯಕ್ತಿಗೆ ಕೆಲಸ ಸಿಕ್ಕಿ ರೆಸಿಡೆನ್ಸ್ ವೀಸಾ ಆದ ದಿನದಿಂದ ಆ ಪುಸ್ತಿಕೆ ಅಲ್ಲಿ ನಡೆಯುವುದಿಲ್ಲ, ಎಮಿರೇಟ್ಸಿನ ಲೈಸೆನ್ಸೇ ಬೇಕು. ಕೆಲವು ದೇಶಗಳ ಲೈಸೆನ್ಸನ್ನು ಅಲ್ಲಿ ನೇರವಾಗಿ ಬದಲಾಯಿಸಿ ಕೊಡುತ್ತಾರೆ. ಭಾರತ ಆ ಪಟ್ಟಿಯಲ್ಲಿಲ್ಲ, ಪರೀಕ್ಷೆ ಪಾಸಾಗಬೇಕು. ನನ್ನ ತಂಗಿಯ ಮಗ ವೀಸಾ ಬದಲಾದ ಮೇಲೂ ಹಳೆಯ ಐಡಿಪಿಯಲ್ಲೇ ಎರಡು ವಾರ ಕಾರು ಓಡಿಸಿದ್ದ. ಸಣ್ಣದೊಂದು ತಾಗುವಿಕೆ ಆದಾಗ ವಿಷಯ ಹೊರಬಂದು, ದಂಡದ ಜೊತೆ ಎದುರಿನ ಕಾರಿನ ರಿಪೇರಿಯನ್ನೂ ಕೈಯಿಂದಲೇ ಭರಿಸಿದ. ಜರ್ಮನಿಗೆ ಓದಲು ಹೋಗುವ ಮಣಿಪಾಲ, ನಿಟ್ಟೆ, ಸುರತ್ಕಲ್ ಕಡೆಯ ವಿದ್ಯಾರ್ಥಿಗಳಿಗೂ ಇಂತಹದೇ ಒಂದು ಗಡಿಯಿದೆ: ಅಲ್ಲಿ ವಾಸ ಶುರುವಾದ ಆರು ತಿಂಗಳವರೆಗೆ ಮಾತ್ರ ಊರಿನ ಲೈಸೆನ್ಸ್, ಆಮೇಲೆ ಅಲ್ಲಿನ ಲಿಖಿತ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಪಾಸಾಗಬೇಕು. ಮಕ್ಕಳನ್ನು ಕಳಿಸುವಾಗ ಉಪ್ಪಿನಕಾಯಿ, ಹಪ್ಪಳದ ಜೊತೆ ಈ ಮಾತನ್ನೂ ಅವರ ಕಿವಿಗೆ ಹಾಕಿ ಕಳಿಸಬೇಕು.

ಇಷ್ಟೆಲ್ಲ ಉಪಯೋಗವಿದ್ದೂ ಒಂದು ಅಂಕ ಕಡಿಮೆ ಕೊಟ್ಟದ್ದು ಒಪ್ಪಂದದ ಒಂದು ವರ್ಷದ ಮಿತಿಗೆ. ಪ್ರತಿ ವರ್ಷ ಮಗಳ ಮನೆಗೆ, ಮಗನ ಮನೆಗೆ ಹೋಗಿ ಬರುವ ಹಿರಿಯರು ಪ್ರತಿ ಸಲವೂ ಅರ್ಜಿಯಿಂದ ಮೊದಲುಗೊಂಡು ಎಲ್ಲವನ್ನೂ ಮತ್ತೆ ಮಾಡಬೇಕು. ಪರದೇಶದಲ್ಲಿರುವಾಗಲೇ ಪುಸ್ತಿಕೆಯ ಅವಧಿ ಮುಗಿದ ಭಾರತೀಯರಿಗೆ ಮಾತ್ರ ಸ್ವಲ್ಪ ಸಮಾಧಾನವಿದೆ: 2021ರ ಜನವರಿಯ ಅಧಿಸೂಚನೆಯಂತೆ ಅವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ನವೀಕರಣಕ್ಕೆ ಅರ್ಜಿ ಹಾಕಬಹುದು.

ಊರಿಗೆ ಬಂದ ಮೇಲೆ ಭಾವ ಆಗಸ್ಟ್‌ಗೆ ಕಾಯದೆ ಲೈಸೆನ್ಸ್ ನವೀಕರಣಕ್ಕೆ ಅರ್ಜಿ ಹಾಕಿದರು, ಜೊತೆಗೆ ಪಾಸ್‌ಪೋರ್ಟಿನ ಪ್ರತಿಯನ್ನು ಲಗತ್ತಿಸಿ ಹೆಸರಿನ ತಿದ್ದುಪಡಿಯನ್ನೂ ಕೇಳಿದರು. ಹೊಸ ಕಾರ್ಡು ಬಂದಿದೆ. ಊರಿನ ಹೆಸರು, ತಂದೆಯ ಹೆಸರು ಎರಡೂ ಅಕ್ಷರ ಅಕ್ಷರ ಬಿಡಿಸಿ ಬರೆದಿವೆ. ಬರುವ ವರ್ಷ ಏಪ್ರಿಲ್‌ನಲ್ಲಿ ಜಪಾನಿಗೆ ಹೋಗುವ ಯೋಚನೆಯಿದೆ. ಅಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ, ಬಲಗಡೆಯ ಸ್ಟೇರಿಂಗ್. ಮೊದಲ ದಿನ ಕಾರು ಓಡಿಸುವವರು ಭಾವನೇ ಎಂದು ಅಕ್ಕ ಈಗಲೇ ತೀರ್ಮಾನ ಮಾಡಿದ್ದಾರೆ.